ಹಾರ್ಡ್ ಡಿಸ್ಕಿಗೊಂದು ಸೀಟು

ನಮ್ಮ ಸೋದರತ್ತೆ ಬಸ್ಸಿನಲ್ಲಿ ಎರಡು ಸೀಟು ಹಿಡಿಯುತ್ತಾರೆ. ಒಂದು ತಮಗೆ, ಇನ್ನೊಂದು ಹಾರ್ಡ್ ಡಿಸ್ಕಿಗೆ! ನಂಬಿಕೆ ಬರುತ್ತಿಲ್ಲವೇ? ಮಸ್ಕಿಯಿಂದ ಸಿಂಧನೂರಿಗೆ ಬರುವ ಯಾವ ಕಂಡಕ್ಟರನ್ನಾದರೂ ಕೇಳಿ ನೋಡಿ. ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಹಳೆಯ ಸ್ವೆಟರಿನಲ್ಲಿ ಸುತ್ತಿದ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಹಾರ್ಡ್ ಡಿಸ್ಕು. ತೊಡೆಯ ಮೇಲೆ ಇಟ್ಟುಕೊಂಡರೆ ಆಗದೇ? ಆಗದು. ಮೈಶಾಖ ತಗುಲಿದರೆ ಅದು ಕೆಡುತ್ತದಂತೆ. ಹಾಗಾದರೆ ಸ್ವೆಟರ್ ಯಾಕೆ ಎಂದು ಕೇಳಿದವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾರೆ.

“ಅಮ್ಮಾರ, ಮಂದಿ ನಿಂತಾರ. ಆ ಡಬ್ಬಿ ಕೆಳಗ ಇಡ್ರಿ” ಎಂದ ಒಮ್ಮೆ ಒಬ್ಬ ಕಂಡಕ್ಟರ್.

“ಯಾಕ ಇಡ್ಲಿ? ಅದರಾಗ ನನ್ನ ಮಗಳ ಮಾತು ಐತಿ. ಹೆಣ್ಮಕ್ಕಳಿಗೆ ಬಸ್ ಫ್ರೀ ಹೌದಿಲ್ಲೋ? ಅದಕ್ಕೂ ಒಂದು ಝೀರೋ ಟಿಕೆಟ್ ಹರಿ!”

ಕಂಡಕ್ಟರ್ ಟಿಕೆಟ್ ಹರಿಯಲಿಲ್ಲ. ಡಬ್ಬಿಯೂ ಸೀಟು ಬಿಟ್ಟು ಕದಲಲಿಲ್ಲ.

ಮಗಳ ಮಾತು ಎಂದದ್ದು ಸುಳ್ಳಲ್ಲ. ಅತ್ತೆಯ ಒಬ್ಬಳೇ ಮಗಳು ಸುಜಾತಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಬಾಯಲ್ಲಿ ಮಾತೂ ಇಲ್ಲ. ಹಾಗೆಂದು ಅವಳನ್ನು ಪಾಪದ ಹುಡುಗಿ ಎಂದುಕೊಂಡೀರಿ, ಜೋಕೆ! ಮಸ್ಕಿಯ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಫ್ಲೆಕ್ಸು ಎಲ್ಲ ಅವಳದೇ ಕೈಕೆಲಸ. ಅವಳಷ್ಟು ಚಾಡಿ ಹೇಳುವವರು ನಮ್ಮ ಇಡೀ ಬಳಗದಲ್ಲಿ ಇನ್ನೊಬ್ಬರಿಲ್ಲ. ಎಲ್ಲ ಕೈಯಲ್ಲೇ! ಅವಳು ಕೂಸಾಗಿದ್ದಾಗಿನಿಂದ ತಾಯಿ ಮಗಳು ಸೇರಿ ಕಟ್ಟಿಕೊಂಡ ಕೈಮಾತು ಅದು. ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಇನ್ನೊಂದು ಮನೆಯಲ್ಲಿ ನಡೆಯುವುದೂ ಇಲ್ಲ. ಅದರಲ್ಲಿ ಎಲ್ಲರಿಗೂ ಒಂದೊಂದು ಹೆಸರುಂಟು. ಲಿಂಗಸುಗೂರಿನ ನಮ್ಮ ದೊಡ್ಡಪ್ಪನ ಹೆಸರು ಮೀಸೆ ತಿರುವುವುದು. ಅವರು ಮೀಸೆ ಬೋಳಿಸಿ ಯಾವ ಕಾಲವಾಯಿತೋ, ಹೆಸರು ಮಾತ್ರ ಹೋಗಿಲ್ಲ. ನನ್ನ ಹೆಸರು? ಹೊಟ್ಟೆಯ ಮೇಲೆ ಎರಡು ಸಲ ತಟ್ಟುವುದು. ಇರಲಿ ಬಿಡಿ.

ಸುಜಾತ ಓದುಬರಹ ಬಲ್ಲವಳು, ಮೊಬೈಲಿನಲ್ಲಿ ಬರೆದು ತೋರಿಸಿದರೆ ಸಾಲದೇ ಎಂದು ನಾನೂ ಕೇಳಿದ್ದೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು.

“ನೀ ನಿನ್ನ ಹೇಣ್ತಿ ಜೋಡಿ ಜಗಳ ಬರದು ಆಡತೀಯೇನಲೇ? ನಾ ಇರೋತನಾ ಚಿಂತಿಲ್ಲ. ನಾ ಹ್ವಾದ ಮ್ಯಾಲ ನನ್ನ ಮಗಳು ಯಾರ ಜೋಡಿ ಮಾತಾಡಬೇಕು?”

ಅತ್ತೆಯ ಹಟದ ಬೇರು ಇದೇ. ಒಂದೊಂದು ಮಾತನ್ನೂ ತಾವೇ ಕ್ಯಾಮೆರಾದ ಮುಂದೆ ನಿಂತು ಮಾಡಿ ತೋರಿಸಿ, ವಿಡಿಯೋ ಹಿಡಿಸಿ, ಮನೆಯ ಕಂಪ್ಯೂಟರಿಗೆ ತುಂಬಿದರು. ಇನ್ನೇನು ಮುಗಿಯಿತು ಎನ್ನುವಾಗ ಒಂದು ಸಂಜೆ ಗುಡುಗು ಸಿಡಿಲು ಬಂದು, ಕರೆಂಟು ಒಮ್ಮೆಲೇ ಏರಿ, ಕಂಪ್ಯೂಟರ್ ಮಂಕಾಗಿ ಕುಳಿತಿತು. ಸಿಂಧನೂರಿನ ರಿಪೇರಿಯವನು ಹೇಗೋ ಅರ್ಧ ವಿಡಿಯೋ ಉಳಿಸಿಕೊಟ್ಟು, “ಬ್ಯಾಕಪ್ ಇಟ್ಟಿಲ್ಲೇನ್ರಿ ಅಮ್ಮಾರ?” ಎಂದು ಕೇಳಿದ. ಆ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಬಳಗವೆಲ್ಲ ಸುಖವಾಗಿ ಇರುತ್ತಿತ್ತು!

ಕಳೆದುಹೋದ ಅರ್ಧವನ್ನು ಅತ್ತೆ ಮತ್ತೆ ಮೊದಲಿನಿಂದ ಮಾಡಿದರು. ಈ ಸಲ ಎಲ್ಲಿಡಬೇಕು ಎಂಬುದಕ್ಕೆ ತಾಯಿ ಮಗಳ ಯುದ್ಧ ಶುರುವಾಯಿತು. ಮಗಳದು ಕ್ಲೌಡ್ ಪಕ್ಷ, ತಾಯಿಯದು ಹಾರ್ಡ್ ಡಿಸ್ಕ್ ಪಕ್ಷ. ಪಂಚನಾಗಿ ನನ್ನನ್ನು ಕರೆಸಿದರು. ಇಬ್ಬರೂ ಕೈಯಲ್ಲಿ ಜಗಳಕ್ಕೆ ನಿಂತರೆ ಒಂದು ಸದ್ದಿಲ್ಲ, ಆದರೆ ಹತ್ತಿರ ಕೂತವರ ಚಹಾ ಲೋಟ ಉರುಳದೆ ಇರುವುದಿಲ್ಲ. ಡಿಸ್ಕು ಬಿದ್ದರೆ ಸತ್ತಂತೆ, ಕಳ್ಳ ಒಯ್ದರೆ ಹೋದಂತೆ, ಕ್ಲೌಡಿನಲ್ಲಿದ್ದರೆ ಎಲ್ಲಿಂದ ಬೇಕಾದರೂ ತೆಗೆಯಬಹುದು ಎಂದು ಸುಜಾತಳ ವಾದ. ಪಂಚನಿಗೆ ತಿಳಿಯಲೆಂದು ಮೊಬೈಲಿನಲ್ಲಿ ಬರೆದೂ ತೋರಿಸಿದಳು.

ಅತ್ತೆ ಕೈಯಲ್ಲಿ ಅವಳಿಗೂ ಬಾಯಲ್ಲಿ ನನಗೂ ಒಟ್ಟಿಗೇ ಉತ್ತರ ಕೊಟ್ಟರು: “ಪಾಸ್‌ವರ್ಡ್ ಮರತರ? ಓಟಿಪಿ ಬರೋ ಸಿಮ್ಮು ಬಂದ್ ಬಿದ್ದರ? ಯಾರ ಮನಿ ಬಾಗಲಾ ಬಡೀಲಿ?”

ಆದರೂ ಮಗಳ ಮಾತಿಗೆ ಬೆಲೆ ಕೊಟ್ಟು ಒಂದು ಸಲ ಕ್ಲೌಡಿಗೆ ಏರಿಸಲು ಒಪ್ಪಿದರು. ಗಂಟೆಗಟ್ಟಲೆ ಕೂತು ನೋಡಿದರೆ ಜಾಗ ಇಲ್ಲ ಎಂದು ಬಂತು! ಅತ್ತೆಯ ಫೋನಿನ ಫೋಟೋಗಳೆಲ್ಲ ತಾವಾಗಿಯೇ ಅಲ್ಲಿಗೆ ಏರಿ ಕೂತಿದ್ದವು. ತುಂಬಿದ್ದೇನು? ಲಿಂಗಸುಗೂರಿನ ದೊಡ್ಡಪ್ಪ ದಿನಾ ಬೆಳಿಗ್ಗೆ ತಪ್ಪದೆ ಕಳಿಸುವ ಶುಭೋದಯದ ಗುಲಾಬಿಗಳು.

“ನೋಡಿದೇನು? ಗುಲಾಬಿ ಹೂವಿಗೆ ಜಾಗ ಐತಿ, ನನ್ನ ಮಗಳ ಮಾತಿಗೆ ಜಾಗ ಇಲ್ಲ!” ಎಂದು ಅತ್ತೆ ಎದ್ದೇಬಿಟ್ಟರು. ಅವತ್ತೇ ದೊಡ್ಡಪ್ಪನಿಗೆ ಫೋನು ಹೋಯಿತು. ಅಂದಿನಿಂದ ನಮ್ಮ ಬಳಗದಲ್ಲಿ ಗುಲಾಬಿ ಅರಳಿಲ್ಲ.

ಆಮೇಲೆ ಅತ್ತೆ ತೀರ್ಪನ್ನು ತಾವೇ ಹೇಳಿದರು. ಪಂಚನಾದ ನನಗೆ ಸಿಕ್ಕಿದ್ದು ಚಹಾ ಮಾತ್ರ.

“ಹೆಪ್ಪು ಯಾವಾಗರ ಒಂದ ಮನ್ಯಾಗ ಉಳದೈತೇನು? ನನ್ನ ಮೊಸರು ಕೆಟ್ಟರ ಮಗ್ಗಲ ಮನಿಯಾಕಿ ಹೆಪ್ಪು ಕೊಡತಾಳ. ಆಕಿದು ಕೆಟ್ಟರ ನಾ ಕೊಡತೀನಿ. ಆಕಿ ಕೊಡೋದು ಯಾರ ಮನೀದು? ಹಿಂದ ನಾ ಕೊಟ್ಟಿದ್ದ! ಹಂಚಿದ್ರ ಉಳೀತೈತಿ.”

ಹೀಗೆ ಮೂರು ಡಿಸ್ಕು ಬಂದವು. ಒಂದು ಮಸ್ಕಿಯಲ್ಲಿ, ಒಂದು ಲಿಂಗಸುಗೂರಿನ ದೊಡ್ಡಪ್ಪನ ಮನೆಯಲ್ಲಿ, ಒಂದು ಸಿಂಧನೂರಿನ ನಮ್ಮ ಮನೆಯಲ್ಲಿ. ದೊಡ್ಡಪ್ಪ ಅದನ್ನು ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ಹಾಕಿ ಇಟ್ಟರು. ನನ್ನ ಹೆಂಡತಿ ತೊಗರಿಬೇಳೆಯ ಡಬ್ಬದ ಪಕ್ಕದಲ್ಲಿಟ್ಟು, ಬೇಳೆಗೆ ಹಾಕಿದಂತೆ ಅದಕ್ಕೂ ನಾಲ್ಕು ಬೇವಿನೆಲೆ ಹಾಕಿದಳು. ಹುಳ ಬೀಳದಿದ್ದರೆ ಸಾಕು ತಾನೇ?

ಡಿಸ್ಕು ಕೊಟ್ಟು ಸುಮ್ಮನಾಗಿದ್ದರೆ ಅವರು ನಮ್ಮತ್ತೆ ಹೇಗಾದಾರು! ಹೊಸ ಮಾತು ಹುಟ್ಟಿದಾಗಲೆಲ್ಲ ಮಸ್ಕಿಯ ಡಿಸ್ಕನ್ನು ಬಸ್ಸಿನಲ್ಲಿ ತಂದು ಉಳಿದೆರಡಕ್ಕೂ ತುಂಬುತ್ತಾರೆ. ಒಂದು ಭಾನುವಾರ ಹೇಳದೆ ಕೇಳದೆ ಮಗಳೊಂದಿಗೆ ಬಂದಿಳಿದರು. ತಪಾಸಣೆ! ನಾನು ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿ, ವಿಡಿಯೋ ಓಡಿಸಿ ತೋರಿಸಿ, ಗೆದ್ದೆ ಎಂದು ಎದೆಯುಬ್ಬಿಸಿದೆ.

“ಗಡಿಗಿ ಮುಚ್ಚಳ ತಗದರ ಮೊಸರಾಗೈತಿ ಅಂತ ತಿಳೀತೈತೇನು? ಬಾಯಾಗ ಹಾಕ್ಕೊಂಡು ನೋಡಬೇಕು. ಕಂಪ್ಯೂಟರ್ ಬಂದ್ ಮಾಡು. ಈಗ ನೀ ಮಾಡಿ ತೋರಿಸು” ಎಂದರು ಅತ್ತೆ. ಪರೀಕ್ಷೆ ಡಿಸ್ಕಿಗಲ್ಲ, ನನಗೆ!

ಸುಜಾತಳಿಗೆ “ನಾಳೆ ಬಸ್ಸಿಗೆ ಬಾ” ಎಂದು ಹೇಳಬೇಕಿತ್ತು. ಬಸ್ಸು ಎಂದರೆ ಸ್ಟೇರಿಂಗ್ ಹಿಡಿಯುವುದು. ನನ್ನ ಕೈ ಸ್ವಲ್ಪ ಮೇಲೇರಿ ಕಿವಿಯ ಹತ್ತಿರ ಹೋಯಿತು. ಅದು ಕೊಂಬು ಎಂದು ನನಗೇನು ಗೊತ್ತು? “ನಾಳೆ ಎಮ್ಮೆ ಮ್ಯಾಲ ಬಾ” ಎಂದಂತಾಯಿತು! ಸುಜಾತ ಸೋಫಾದಿಂದ ಜಾರಿ ನೆಲಕ್ಕೆ ಕೂತು ನಕ್ಕಳು. ನನ್ನ ಹೆಂಡತಿ ಮೊದಲ ಸಲವೇ ಪಾಸಾದಳು. ಅದಕ್ಕಿಂತ ದೊಡ್ಡ ಅವಮಾನ ಬೇಕೇ? ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅವಳು ಉಪ್ಪು, ನೀರು ಎಲ್ಲವನ್ನೂ ನನ್ನಿಂದ ಕೈಯಲ್ಲೇ ಕೇಳಿಸತೊಡಗಿದಳು. ತಪ್ಪಿದರೆ ರೊಟ್ಟಿ ಇಲ್ಲ. ಹೊಟ್ಟೆಯೇ ಹೆಸರಾದವನು ಕಲಿಯದೆ ಏನು ಮಾಡಿಯಾನು?

ಈ ನಡುವೆ ಸುಜಾತ ಗುಟ್ಟಾಗಿ ತನ್ನ ಅಂಗಡಿಯ ಇಂಟರ್ನೆಟ್ಟಿನಿಂದ ಎಲ್ಲ ವಿಡಿಯೋ ತನ್ನದೇ ಖಾತೆಯ ಕ್ಲೌಡಿಗೂ ಏರಿಸಿಬಿಟ್ಟಿದ್ದಳು. ಗೊತ್ತಾದಾಗ ಭೂಕಂಪವೇ ಆದೀತೆಂದು ನಾನು ಹೆದರಿದ್ದೆ. ಅತ್ತೆ ಸ್ವಲ್ಪ ಯೋಚಿಸಿ, “ಇರಲಿ, ಅದೂ ಒಂದು ಮನಿ. ಆದರ ಅಲ್ಲಿ ಯಾರಿಗೆ ಪರೀಕ್ಷಾ ಮಾಡ್ಲಿ?” ಎಂದರು.

ಹೋದ ಚಳಿಗಾಲದಲ್ಲಿ ಅತ್ತೆಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಡುವುದೇ ಕಷ್ಟವಾಯಿತು. ಗಾಬರಿಯಾಗಬೇಡಿ, ಈಗ ಗಟ್ಟಿಯಾಗಿದ್ದಾರೆ, ಎರಡು ಸೀಟೂ ಹಿಡಿಯುತ್ತಿದ್ದಾರೆ. ಆಗ ಮಾತ್ರ ನಮ್ಮ ಜೀವ ಕೈಯಲ್ಲಿತ್ತು. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ, ಮಾತಾಡಲೇಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಒಳಗೆ ಒಬ್ಬರನ್ನಷ್ಟೇ ಬಿಡುತ್ತಿದ್ದರು. ಮರುದಿನ ಬೆಳಿಗ್ಗೆ ನರ್ಸ್ ಓಡಿ ಬಂದು ನನ್ನನ್ನು ಕರೆದಳು.

“ಜಲ್ದಿ ಬರ್ರಿ. ಅಜ್ಜಿಗೆ ಹಲ್ಲುನೋವು ಅಂತ ಕಾಣ್ತೈತಿ, ಗಲ್ಲ ಮುಟ್ಟಿ ತೋರಿಸಾಕತ್ತಾರ. ಮತ್ತ ಭಜನಿ ಮಾಡಿದಂಗ ಚಪ್ಪಾಳಿ ಬ್ಯಾರೆ!”

ನಾನು ಹೋಗಿ ಮಂಚದ ಪಕ್ಕ ನಿಂತೆ. ಅತ್ತೆ ಬೆರಳಿನಿಂದ ಗಲ್ಲದ ಗುಳಿ ಬೀಳುವ ಜಾಗ ಮುಟ್ಟಿದರು. ಅದು ಸುಜಾತಳ ಹೆಸರು. ಆಮೇಲೆ ಅಂಗೈಯ ಮೇಲೆ ಅಂಗೈ ತಟ್ಟಿದರು. ಅದು ರೊಟ್ಟಿ. ಸುಜಾತ ಉಂಡಳೇನು ಎಂದು ಕೇಳುತ್ತಿದ್ದರು! ಆಸ್ಪತ್ರೆಯ ಡಾಕ್ಟರು, ನರ್ಸು ಯಾರಿಗೂ ತಿಳಿಯದ ಆ ಮಾತು ನನಗೆ ತಿಳಿದಿತ್ತು. “ಉಂಡಿಲ್ಲ, ಹಟ ಹಿಡಿದಾಳ” ಎಂದು ಕೈಯಲ್ಲೇ ಹೇಳಿ, ಗಾಜಿನ ಬಾಗಿಲ ಕಡೆ ತೋರಿಸಿದೆ.

ಬಾಗಿಲಾಚೆ ನನ್ನ ಹೆಂಡತಿ ಬುತ್ತಿಯ ಮುಂದೆ ಸುಜಾತಳನ್ನು ಕೂರಿಸಿಕೊಂಡು ಬೈಯುತ್ತಿದ್ದಳು, ಕೈಯಲ್ಲಿ. ಉಣ್ಣು ಎಂದು ಇವಳು, ಒಲ್ಲೆ ಎಂದು ಅವಳು. ನೀನು ಬಿದ್ದರೆ ನಿಮ್ಮವ್ವನನ್ನು ನೋಡುವವರು ಯಾರು ಎಂದು ಇವಳು. ನೀನಿದ್ದೀಯಲ್ಲ ಎಂದು ಅವಳು. ಸುತ್ತಲಿನ ಜನ ಬಾಯಿ ಬಿಟ್ಟು ನೋಡುತ್ತಿದ್ದರು. ಆವೇಶದಲ್ಲಿ ನನ್ನ ಹೆಂಡತಿ ಒಂದು ಮಾತು ತಪ್ಪು ಮಾಡಿದಳು. ನನಗೇ ಗೊತ್ತಾಯಿತೆಂದರೆ ಅತ್ತೆಗೆ ಗೊತ್ತಾಗದೇ? ತಿದ್ದುವುದಕ್ಕೆ ಅವರ ಕೈ ಮೇಲೆದ್ದೇಬಿಟ್ಟಿತು.

ಆದರೆ ಅಷ್ಟರಲ್ಲಿ ಆ ತಪ್ಪನ್ನು ಸುಜಾತಳೇ ತಿದ್ದಿ, ಅದಕ್ಕೊಂದು ತಿರುಗೇಟನ್ನೂ ಕೊಟ್ಟು, ಜಗಳ ಮುಂದಕ್ಕೆ ಹೋಗಿತ್ತು. ಅತ್ತೆಯ ಕೈ ಮೆಲ್ಲಗೆ ಇಳಿದು ನನ್ನ ಕೈಮೇಲೆ ಕೂತಿತು. ಮಗಳು ತಾಯಿಯಿಲ್ಲದೆ ಇನ್ನೊಬ್ಬರೊಂದಿಗೆ ಹೊಟ್ಟೆ ತುಂಬ ಜಗಳ ಆಡುವುದನ್ನು ಅವರು ನೋಡಿದ್ದು ಅದೇ ಮೊದಲು. ಮಾಸ್ಕಿನ ಅಂಚಿನಲ್ಲಿ ಕಣ್ಣೀರು ಇಳಿಯುತ್ತಿತ್ತು. ನನಗೂ ತಡೆದುಕೊಳ್ಳಲಾಗಲಿಲ್ಲ. ಜಗಳ ಮುಗಿಯುವವರೆಗೂ ಇಬ್ಬರೂ ಹಾಗೇ ನೋಡಿದೆವು. ಕಡೆಗೆ ಸುಜಾತ ಉಂಡಳು.