ಮಾವ ಜಗಿದ ಸಿಗಾರು

ಬೇರೆಯವರ ವಸ್ತುವನ್ನು ಕಾಯುವುದರಷ್ಟು ಆಯುಷ್ಯ ಸವೆಸುವ ಕೆಲಸ ಇನ್ನೊಂದಿಲ್ಲ. ನಮ್ಮದು ಕಳೆದರೆ ಹೆಂಡತಿ ನಾಲ್ಕು ದಿನ ಬೈದು ಸುಮ್ಮನಾಗುತ್ತಾಳೆ. ಬೇರೆಯವರದು ಕಳೆದರೆ ನಮ್ಮನ್ನು ನಾವೇ ಬೈದುಕೊಳ್ಳಬೇಕು, ಅದಕ್ಕೆ ಕೊನೆಯೇ ಇಲ್ಲ. ಎಂಬತ್ತರ ದಶಕದ ಮಾತು. ಪೀಣ್ಯದಲ್ಲಿ ಲೇತ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಮೊದಲ ಬಾರಿಗೆ ನಮ್ಮದೊಂದು ಯಂತ್ರ ವಿದೇಶಕ್ಕೆ ಹೊರಟಿತ್ತು. ಅದನ್ನು ಪರೀಕ್ಷಿಸಿ ಒಪ್ಪಿಗೆಯ ರುಜು ಹಾಕಲು ಅಮೆರಿಕದಿಂದ ಒಬ್ಬ ಇಂಜಿನಿಯರ್ ಬಂದಿದ್ದರು. ಜೊತೆಗೆ ಒಂದು ಮರದ ಡಬ್ಬಿ ತುಂಬ ಕಪ್ಪು ಸಿಗಾರುಗಳೂ ಬಂದಿದ್ದವು. ಗೆಸ್ಟ್ ಹೌಸಿನ ಶೀಟಿನ ಛಾವಣಿಯ ಕೆಳಗೆ ಅವು ಒಣಗುತ್ತಿವೆ, ಸ್ವಲ್ಪ ತೇವದ ಜಾಗ ಬೇಕು ಎಂದು ಅವರು ಹೇಳಿದಾಗ ಮ್ಯಾನೇಜರಿಗೆ ಜಾಲಹಳ್ಳಿಯ ನನ್ನ ಬಾಡಿಗೆ ಮನೆ ನೆನಪಾಯಿತು. ಅದರ ಗೋಡೆಗಳ ತೇವದ ಬಗ್ಗೆ ನಾನು ಕಚೇರಿಯಲ್ಲಿ ದಿನವೂ ಗೊಣಗುತ್ತಿದ್ದೆನಲ್ಲ! “ನಿಮ್ಮನೇಲೇ ಇಟ್ಕೊಳ್ರೀ, ದಿನಾ ಎರಡೆರಡು ತಂದ್ಕೊಡಿ. ಶುಕ್ರವಾರ ಅವ್ರು ಸೈನ್ ಹಾಕೋವರೆಗೂ ಜೋಪಾನ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನೀವೂ ಇರಲ್ಲ, ನಾನೂ ಇರಲ್ಲ,” ಎಂದರು ಮ್ಯಾನೇಜರ್.

ಶುಕ್ರವಾರ ಬೆಳಿಗ್ಗೆ ಡಬ್ಬಿ ತೆರೆದರೆ, ಉಳಿದಿದ್ದ ನಾಲ್ಕೂ ಮಾಯ. ಹಿಂದಿನ ದಿನವಷ್ಟೇ ಮಗಳನ್ನು ನೋಡಲು ಬಂದಿದ್ದ ನನ್ನ ಮಾವ ಜಗಲಿಯ ಮೇಲೆ ಕೂತು ಪರಮಾನಂದದಿಂದ ಏನೋ ಜಗಿಯುತ್ತಿದ್ದರು. “ಒಳ್ಳೆ ಒಗೆಸೊಪ್ಪು ತಂದಿಟ್ಟಿದೀರಿ ಅಳಿಯಂದ್ರೇ. ಸುಣ್ಣ ಆಕಿ ತಿಕ್ಕಿದ್ರೆ ನಮ್ಮ ಕಡ್ಡಿಪುಡಿ ಏನೂ ಅಲ್ಲ. ಒಂದು ಜಗಿದೆ, ಮಿಕ್ಕಿದ್ದು ಪುಡಿ ಮಾಡಿ ಸಂಚಿಗೆ ಆಕ್ಕಂಡಿವ್ನಿ,” ಎಂದು ಎಲೆಯಡಿಕೆಯ ಸಂಚಿ ತಟ್ಟಿ ತೋರಿಸಿದರು.

ನಾನು ಕೂಗಾಡಲಿಲ್ಲ. ಹೆಣ್ಣು ಕೊಟ್ಟ ಮಾವನ ಮುಂದೆ ಕೂಗಾಡುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ವಿಷಯ ತಿಳಿಸಿದಾಗ ಅವರೇ ಎದ್ದು ನಿಂತರು. “ತಿಂದೋನು ನಾನು, ನೀವ್ಯಾಕೆ ಬೈಸ್ಕಬೇಕು? ನಡೀರಿ,” ಎಂದು ನನ್ನ ಸೈಕಲ್ಲಿನ ಕ್ಯಾರಿಯರ್ ಏರಿದರು. ದಾರಿಯುದ್ದಕ್ಕೂ ಇಲಿ ತಿಂದಿತು, ಕಳ್ಳ ಬಂದ ಎಂದು ಇಂಗ್ಲಿಷಿನಲ್ಲಿ ಸುಳ್ಳುಗಳನ್ನು ಜೋಡಿಸುತ್ತ ಪೆಡಲ್ ತುಳಿದೆ.

ಕಾರ್ಖಾನೆಯೊಳಗೆ ವಾತಾವರಣ ಆಗಲೇ ಕೆಟ್ಟಿತ್ತು. ಮೊದಲ ಅಳತೆ ಸರಿಬಂದಿರಲಿಲ್ಲ. ಮ್ಯಾನೇಜರ್ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಯಂತ್ರದ ಮೇಲೆ ಬಾಗಿದ್ದ ಇಂಜಿನಿಯರ್ ತಲೆ ಎತ್ತದೆ ಸಿಗಾರಿಗಾಗಿ ನನ್ನತ್ತ ಕೈ ಚಾಚಿದರು. ಖಾಲಿ ಡಬ್ಬಿ ತೆರೆದೆ. ಇಲಿಯಿಂದ ಶುರುಮಾಡಲೋ ಕಳ್ಳನಿಂದಲೋ ಎಂದು ತೂಗುತ್ತಿದ್ದೆ. ಆಗ ಮಾವ ಮುಂದೆ ಬಂದು ಸಂಚಿ ಬಿಚ್ಚಿ ಹಿಡಿದರು. “ನಾನೇ ಜಗಿದ್ಬಿಟ್ಟೆ ಸ್ವಾಮಿ. ಇಗೋ, ಮಿಕ್ಕಿದ್ದು.”

ಇಂಜಿನಿಯರ್ ಪುಡಿಯನ್ನು ನೋಡಿದರು, ಮಾವನ ಕೆಂಪು ಬಾಯಿ ನೋಡಿದರು. ಮ್ಯಾನೇಜರ್ ನನ್ನನ್ನು ನೋಡಿದರು. ಆ ನೋಟದಲ್ಲಿ ನನ್ನ ರಾಜೀನಾಮೆ ಪತ್ರ ಟೈಪಾಗಿಯೇ ಇತ್ತು. ಹೇಗಿತ್ತಂತೆ ಕೇಳು ಎಂದರು ಇಂಜಿನಿಯರ್.

“ಬೆಳೆದೋನು ಕಸುಬು ಬಲ್ಲೋನು. ಎಲೆ ಗಿಡದಲ್ಲೇ ಬಲಿಯೋಗಂಟ ಬಿಟ್ಟವ್ನೆ. ಆಮೇಲೆ ಒಟ್ಟಿ, ಬೆವರ್ಸಿ ಕಪ್ಪು ಮಾಡವ್ನೆ,” ಎಂದರು ಮಾವ.

ನಾನು ಅನುವಾದಿಸುತ್ತಿದ್ದಂತೆ ಇಂಜಿನಿಯರ್, ಅಕ್ಷರಶಃ ನಿಜ ಎಂದು ಜೋರಾಗಿ ನಕ್ಕು, ಪಕ್ಕದ ಪ್ಯಾಕಿಂಗ್ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಅದು ಶ್ರೀಮಂತರ ಸಿಗಾರಲ್ಲವಂತೆ, ಕೂಲಿಯವನೂ ಕೊಳ್ಳಬಹುದಾದದ್ದಂತೆ. ಅದನ್ನು ಮಾಡುವವನ ತಾತನ ಕಾಲದಿಂದ ಕ್ಯೂಬಾದಲ್ಲಿ ಹೊಗೆಸೊಪ್ಪಿನ ಹೊಲಗಳಿದ್ದವಂತೆ. ಸರ್ಕಾರ ಹೊಲಗಳನ್ನೆಲ್ಲ ವಶಪಡಿಸಿಕೊಂಡಾಗ ಅವನು ಒಂದು ಹಿಡಿ ಬೀಜದೊಂದಿಗೆ ಪಕ್ಕದ ಡೊಮಿನಿಕನ್ ದೇಶಕ್ಕೆ ಹೋಗಿ, ಪರರ ಮಣ್ಣಿನಲ್ಲಿ ಮೊದಲಿನಿಂದ ಶುರುಮಾಡಿದನಂತೆ.

ಮಾವ ಜಗಿಯುವುದನ್ನು ನಿಲ್ಲಿಸಿದರು. “ಪರಿಹಾರ ಕೊಟ್ರಂತಾ?”

“ಇಲ್ವಂತೆ ಮಾವ.”

“ತಿರ್ಗಾ ಓಗಿ ಒಲ ನೋಡಿದ್ನಂತಾ?”

“ಹೋಗೋ ಹಾಗಿಲ್ವಂತೆ.”

“ಪಾಪ. ನನ್ನ ಪಾಡೇ ವಾಸಿ,” ಎಂದರು ಮಾವ. ಅವರ ಜಮೀನೂ ಕೈಗಾರಿಕಾ ಬಡಾವಣೆಗೆ ಹೋಗಿದ್ದು ನನಗೆ ಗೊತ್ತಿತ್ತು. ಎಲ್ಲಿ ಎಂದು ಎಂದೂ ಕೇಳಿರಲಿಲ್ಲ. “ನಿಮ್ಮ ಆಪೀಸಿನ ಕಕ್ಕಸು ಐತಲ್ಲ ಅಳಿಯಂದ್ರೇ, ಅಲ್ಲೇ ನಮ್ಮ ರಾಗಿ ಕಣ ಇದ್ದಿದ್ದು. ಕಣ ಅಂದ್ರೆ ದೇವ್ರಿದ್ದಂಗೆ, ಮೆಟ್ಟು ಬಿಟ್ಟೇ ಕಾಲಿಡ್ತಿದ್ವಿ.”

ಏನೆನ್ನುತ್ತಾರೆ ಎಂದು ಇಂಜಿನಿಯರ್ ಕೇಳಿದರು. ಅವರಿನ್ನೂ ರುಜು ಹಾಕಿರಲಿಲ್ಲ. ನಮ್ಮ ಕಾರ್ಖಾನೆ ಮಾವನಿಗೆ ಬಹಳ ಹಿಡಿಸಿದೆಯಂತೆ ಎಂದು ಅನುವಾದಿಸಿದೆ.

ಮತ್ತೆ ಅಳೆದಾಗ ಎಲ್ಲ ಸರಿಬಂತು, ಮಧ್ಯಾಹ್ನ ರುಜುವೂ ಬಿತ್ತು. ಕೆಲಸ ತಪ್ಪಿಸಿಕೊಳ್ಳಲು ಆರು ವರ್ಷಗಳಿಂದ ದಿನಕ್ಕೆ ನಾಲ್ಕೈದು ಸಲ ಓಡುತ್ತಿದ್ದ ಆ ಕಕ್ಕಸಿಗೆ ಅಂದು ಸಂಜೆಯವರೆಗೂ ಹೋಗದೆ ತಡೆದುಕೊಂಡೆ. ನನ್ನ ಕೈಲಾದ ಪ್ರಾಯಶ್ಚಿತ್ತ ಅಷ್ಟೇ. ಶನಿವಾರ ಬೆಳಿಗ್ಗೆ ಎಂದಿನಂತೆ ಬೂಟು ಹಾಕಿಕೊಂಡೇ ಅಲ್ಲಿಗೆ ಹೋದೆ.