ಎರಡು ಕಾರಿಗೆ ಮೇಷ್ಟ್ರು ಹಾಕಿದ ಮಾರ್ಕು

ಗಾಲಿಕುರ್ಚಿಯ ಮಡಿಚುವ ಕೀಲಿಗೆ ತುಕ್ಕು ಹಿಡಿದದ್ದೇ ಗಣಿತದ ಮೇಷ್ಟ್ರ ತಲೆನೋವಿಗೆಲ್ಲ ಮೂಲ. ಕುರ್ಚಿ ಮಡಿಚುತ್ತಿರಲಿಲ್ಲ. ಮಡಿಚದ ಕುರ್ಚಿ ಅವರ ಪುಟ್ಟ ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. ಕುರ್ಚಿ ಬಿಟ್ಟು ಮಾವನವರು ಹೊರಡುತ್ತಿರಲಿಲ್ಲ. ಕಾಲು ಮುರಿದುಕೊಂಡು ಹದಿನೈದು ದಿನಕ್ಕೆಂದು ಬಂದ ಆಸಾಮಿ, ಏಳು ತಿಂಗಳಿಂದ ನಡುಮನೆಯ ನಟ್ಟನಡುವೆ ಕೂತು, ಫ್ಯಾನಿನ ವೇಗದಿಂದ ಹಿಡಿದು ಅಳಿಯ ಯಾವ ಕಾಲಿಗೆ ಮೊದಲು ಸಾಕ್ಸ್ ಹಾಕಬೇಕು ಅನ್ನುವವರೆಗೆ ಅಪ್ಪಣೆ ಕೊಡುತ್ತಿದ್ದರು. ಬಾಡಿಗೆ ವ್ಯಾನ್ ತರುತ್ತೇನೆಂದರೆ, "ವ್ಯಾನಲ್ಲಿ ಸಾಗಿಸೋಕೆ ನಾನೇನು ಹಳೇ ಬೀರುನಾ?" ಎಂದು ಕೇಳಿದ್ದರು.

ಶನಿವಾರ ಗುಡ್ಡದ ಮೇಲಿನ ಮನೆಯಿಂದ ನಾದಿನಿ ಫೋನ್ ಮಾಡಿದಳು. "ಭಾವ, ಸೋಮವಾರದೊಳಗೆ ಅಪ್ಪನ್ನ ಕರ್ಕೊಂಡು ಬಂದ್ರೆ ಸರಿ. ಮಂಗಳವಾರ ನಮ್ಮತ್ತೆ ಬಂದು ಆ ರೂಮು ಹಿಡೀತಾರೆ. ಆಮೇಲೆ ನನ್ನ ಕೇಳ್ಬೇಡಿ."

ಮೇಷ್ಟ್ರು ಅಂದೇ ಊರೆಲ್ಲ ಜಾಲಾಡಿ, ಹಿಂದೆ ಉದ್ದನೆ ಡಿಕ್ಕಿ ಇರುವ, ಮಾರಾಟಕ್ಕಿದ್ದ ಎರಡು ಹಳೆಯ ಎಸ್ಟೇಟ್ ಕಾರು ಪತ್ತೆ ಮಾಡಿದರು. ಬಿಳಿಯದು ಬೇಕರಿಯವನದು, ನೀಲಿಯದು ಫೋಟೋಗ್ರಾಫರನದು. ಭಾನುವಾರ ಹತ್ತು ಗಂಟೆಗೆ ಎರಡನ್ನೂ ತಮ್ಮ ಮನೆ ಮುಂದೆ ತಂದು ನಿಲ್ಲಿಸಬೇಕೆಂದು ಇಬ್ಬರಿಗೂ ತಾಕೀತು ಮಾಡಿದರು.

ಮಾರ್ಕು ಹಾಕದೆ ಮೇಷ್ಟ್ರಿಗೆ ಏನನ್ನೂ ತೂಗಿ ನೋಡಲು ಬಾರದು. ಮದುವೆಗೆ ಮುಂಚೆ ಹೆಂಡತಿಗೂ ಹಾಕಿದ್ದರಂತೆ. ಎಷ್ಟು ಎಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ. ಕಾರಿಗೂ ಹತ್ತು ಪ್ರಶ್ನೆ, ಒಂದೊಂದಕ್ಕೆ ಹತ್ತು ಮಾರ್ಕು. ಹಾಕಿದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು ಅವರ ಕ್ಲಾಸಿನ ಪದ್ಧತಿ. ಮಾಲೀಕರಿಬ್ಬರೂ ಕಾಂಪೌಂಡ್ ಗೋಡೆಯ ಮೇಲೆ, ಫೇಲಾದ ಮಕ್ಕಳ ಅಪ್ಪಂದಿರಂತೆ ತೆಪ್ಪಗೆ ಕೂತರು.

ಕರೆಯದೆ ಬಂದವರೂ ಇದ್ದರು. ಬೀದಿಯೆಲ್ಲ 'ಸ್ಟೇರಿಂಗು' ಎಂದು ಕರೆಯುವ ರಿಟೈರ್ಡ್ ಬಸ್ ಡ್ರೈವರು ಬನಿಯನ್ನಿನಲ್ಲೇ ಹಾಜರಾದರು. ಅವರ ಹಿಂದೆ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬಂದು, ಬಾನೆಟ್ಟಿನೊಳಗೆ ಟಾರ್ಚ್ ಬಿಟ್ಟು, "ಇನ್ನೂ ಸ್ವಲ್ಪ ಅಗಲ ತೆಗೀರಿ" ಎಂದರು.

ಸ್ಟೇರಿಂಗು ಕೇಳದೆ ಬಿಳಿ ಕಾರು ಹತ್ತಿ, ಮೇಷ್ಟ್ರನ್ನು ಪಕ್ಕಕ್ಕೆ ತಳ್ಳಿಕೊಂಡು, ಸ್ಕೂಲಿನ ಹಿಂದಿನ ಏರಿನಲ್ಲಿ ಬಿಟ್ಟರು. ಕಾರು ಸರ್ರನೆ ಏರಿತು. ನೀಲಿಯದು ಅರ್ಧಕ್ಕೇ ಏದುಸಿರು ಬಿಟ್ಟು ಹಿಂದಕ್ಕೆ ಜಾರಿತು.

"ಏರು ಹತ್ತುವುದು. ಬಿಳಿ ಒಂಬತ್ತು, ನೀಲಿ ಮೂರು," ಎಂದು ಮೇಷ್ಟ್ರು ಓದಿದರು.

"ಡಿಕ್ಕಿ ನೋಡ್ರೀ ಮೊದ್ಲು," ಎಂದರು ಡಾಕ್ಟರು. ಬಿಳಿಯದರ ಡಿಕ್ಕಿಯ ನಡುವೆ ಮೆಟ್ಟಿಲಿನಂಥ ಉಬ್ಬು, ಕುರ್ಚಿಯ ಗಾಲಿ ಅಲ್ಲಿಗೇ ನಿಂತಿತು. ನೀಲಿಯದು ಮೇಜಿನಂತೆ ಸಪಾಟು. ಬಿಳಿ ಎರಡು, ನೀಲಿ ಹತ್ತು.

"ಖಾಲಿ ಕುರ್ಚಿ ಇಟ್ಟು ನೋಡಿದ್ರೆ ಏನು ಗೊತ್ತಾಗತ್ತೆ?" ಎಂದ ಸ್ಟೇರಿಂಗು, ಡಾಕ್ಟರ ಜೊತೆ ಸೇರಿ, ಬೇಡಬೇಡವೆಂದರೂ ಬಿಡದೆ ಮಾವನವರನ್ನು ಕುರ್ಚಿ ಸಮೇತ ಎತ್ತಿ ನೀಲಿ ಕಾರಿನ ಡಿಕ್ಕಿಯೊಳಗೆ ತಳ್ಳಿದರು. ಗಿಡ್ಡ ಆಳು, ತಲೆ ತಗ್ಗಿಸಿಕೊಂಡು ಹಿಡಿಸಿದರು. "ಅಳತೆ ತಗೊಂಡು ಹೊಲಿಸಿದಂಗಿದೆ" ಎಂದು ಸ್ಟೇರಿಂಗು ಬಾಗಿಲು ದಬ್ಬಿದರು. ಬಾಗಿಲು ಕಚ್ಚಿಕೊಂಡುಬಿಟ್ಟಿತು.

ಗಾಜಿನಾಚೆ ಮಾವನವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸದ್ದಿಲ್ಲ. ಏಳು ತಿಂಗಳಲ್ಲಿ ಮೊದಲ ಸಲ ಮೇಷ್ಟ್ರಿಗೆ ಅವರ ಮಾತು ಕೇಳಿಸಲಿಲ್ಲ. ಒಳಗೆ ಕುದಿಯುತ್ತಿದ್ದ ಸಿಟ್ಟಿಗೆ ಕೊಂಚ ತಂಪಾಯಿತು. ಮೇಷ್ಟ್ರು ಮರುಯೋಚನೆ ಮಾಡದೆ ನೀಲಿಗೆ ಎರಡು ಮಾರ್ಕು ಜಾಸ್ತಿ ಕೊಟ್ಟರು.

ಕಾಲು ಗಂಟೆ ಎಳೆದಾಡಿ ಮಾವನವರನ್ನು ಇಳಿಸುವಷ್ಟರಲ್ಲಿ ಇಡೀ ಬೀದಿ ಎರಡು ಪಕ್ಷವಾಗಿತ್ತು. ಸ್ಟೇರಿಂಗು ಬಿಳಿ ಎಂದರು, ಡಾಕ್ಟರು ನೀಲಿ ಎಂದರು, ಮಾವನವರು ಇಬ್ಬರನ್ನೂ ಬೈದರು. ಮೇಷ್ಟ್ರು ಕೂಡಿಸಿ ನೋಡಿದರೆ ಬಿಳಿಗೆ ಎಪ್ಪತ್ತೊಂದು, ನೀಲಿಗೂ ಎಪ್ಪತ್ತೊಂದು. ಅವರ ಮೈ ಉರಿದುಹೋಯಿತು.

"ಕಾರು ತಗೊಳ್ಳೋನು ನಾನು. ನನ್ನ ಗಾಡೀನ ನಾನು ನೋಡ್ಕೋತೀನಿ. ನಿಮ್ಮ ನಿಮ್ಮ ಮನೇಲಿ ನಿಮಗೇನೂ ಕೆಲಸ ಇಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಹಾಳೆಯನ್ನು ಬಾನೆಟ್ಟಿನ ಮೇಲೆ ಕುಕ್ಕಿ, ಹೊಸ ಹಾಳೆಯಲ್ಲಿ ಮರುಮೌಲ್ಯಮಾಪನ ಮಾಡಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆ ತಲೆ ಕೆರೆದುಕೊಂಡು, ಕೊನೆಗೆ ಬಿಳಿಗೆ ಎರಡು ಮಾರ್ಕು ಹೆಚ್ಚೆಂದು ತೀರ್ಮಾನಿಸಿ ಹೊರಬಂದರು.

ಎರಡೂ ಕಾರು ಸ್ಟಾರ್ಟ್ ಆಗಿದ್ದವು. ಬೇಕರಿಯವನು ನೀಲಿಯದರಲ್ಲಿ ಕೂತಿದ್ದ, ಫೋಟೋಗ್ರಾಫರ್ ಬಿಳಿಯದರಲ್ಲಿ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸಾರ್," ಎಂದ ಬೇಕರಿಯವನು. "ಆ ಉಬ್ಬಿನಿಂದಾಗಿ ಬ್ರೆಡ್ ಟ್ರೇ ಸಲೀಸಾಗಿ ಜಾರ್ತಿರ್ಲಿಲ್ಲ. ಅದಕ್ಕೇ ಮಾರೋಕೆ ಹೊರಟಿದ್ದೆ. ಇವರಿಗೆ ನೋಡಿದ್ರೆ ಏರು ಹತ್ತೋ ಗಾಡಿ ಬೇಕಿತ್ತಂತೆ. ನೀವು ಓದಿ ಹೇಳ್ದಿದ್ರೆ ಇಬ್ಬರಿಗೂ ಗೊತ್ತೇ ಆಗ್ತಿರ್ಲಿಲ್ಲ."

"ಮೇಲೆ ದುಡ್ಡು ಯಾರು ಯಾರಿಗೆ ಕೊಡ್ಬೇಕು ಅಂತ ಸ್ವಲ್ಪ ಜಗಳ ಆಯ್ತು," ಎಂದ ಫೋಟೋಗ್ರಾಫರ್. "ಆಮೇಲೆ ನಿಮ್ಮ ಹಾಳೆ ನೋಡಿದ್ವಿ. ಎರಡೂ ಎಪ್ಪತ್ತೊಂದು. ಸಮಕ್ಕೆ ಸಮ, ಬದಲಾಯಿಸ್ಕೊಂಡ್ವಿ."

"ಅದು ತಪ್ಪು ಲೆಕ್ಕ ಕಣ್ರೀ," ಮೇಷ್ಟ್ರು ಹೊಸ ಹಾಳೆಯನ್ನು ಮುಂದೆ ಚಾಚಿದರು. "ನೀಲಿಗೆ ಎರಡು ಮಾರ್ಕು ನಾನು ಸಿಟ್ಟಲ್ಲಿ ಕೊಟ್ಟಿದ್ದು."

"ಇವರಿಬ್ಬರೂ ಹಂಗೇ ಅನುಮಾನ ಪಟ್ರು," ಎಂದರು ಗೇಟಿನ ಬಳಿ ಕುರ್ಚಿಯಲ್ಲಿ ಕೂತಿದ್ದ ಮಾವನವರು. "ನಮ್ಮ ಅಳಿಯಂದಿರು ಮಾರ್ಕು ಹಾಕಿದ್ಮೇಲೆ ಮುಗೀತು, ಬದಲಾಯಿಸೋ ಜಾಯಮಾನವೇ ಅಲ್ಲ ಅಂತ ನಾನೇ ಧೈರ್ಯ ಹೇಳ್ದೆ. ಸಾಕ್ಷಿ ಸೈನೂ ಹಾಕ್ದೆ."

ಬಿಳಿ ಕಾರು ಎಡಕ್ಕೆ ಹೋಯಿತು, ನೀಲಿ ಕಾರು ಬಲಕ್ಕೆ ಹೋಯಿತು. ಮೇಷ್ಟ್ರು ಕೈಯಲ್ಲಿದ್ದ ಹೊಸ ಹಾಳೆಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದರು. ಅಷ್ಟು ಹರಿದರೂ ಸಿಟ್ಟು ಹಾಗೇ ಉಳಿದಿತ್ತು.

"ಬಿಸಿಲು ಏರ್ತಿದೆ, ಒಳಗೆ ತಳ್ಳಪ್ಪ," ಎಂದರು ಮಾವನವರು. "ಹಂಗೇ ಆ ಚಿಕ್ಕವಳಿಗೊಂದು ಫೋನ್ ಮಾಡು. ಅತ್ತೇನ ನಾಳೇನೇ ಕರೆಸ್ಕೊಳ್ಳಲಿ, ರೂಮು ಖಾಲಿ ಇಟ್ಕೊಂಡು ಕಾಯೋದು ಬೇಡ."

ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕುರ್ಚಿಯ ಹಿಡಿ ಹಿಡಿದರು.

"ಮೆಲ್ಲಗೆ," ಎಂದರು ಮಾವನವರು. "ಸ್ವಲ್ಪ ಎಡಕ್ಕೆ."