ಬೀಟ್‌ರೂಟಿನ ಕಿಣ್ವ ಕುದ್ದ ದಿನ

ಎಲ್ಲ ಅನರ್ಥಕ್ಕೂ ಕಾರಣ ಕಾಲು ಗಂಟೆಯ ಒಂದು ಫೋನು. ಭೀಮನಬೀಡಿನಿಂದ ಅವ್ವ ಮಲ್ಲಾಜಮ್ಮ ಮಾಡಿದ್ದಳು. ಚಾಮರಾಜನಗರದ ಪ್ರಯೋಗಾಲಯದಲ್ಲಿ ಸ್ಯಾಂಪಲ್ ಕೊಳವೆಗಳನ್ನು ಐಸ್ ಮೇಲೆ ಬಿಟ್ಟು, ಸಿಗ್ನಲ್ ಹುಡುಕಿಕೊಂಡು ಮಹಾಲಿಂಗ ಹೊರಗೆ ಹೋದ.

"ಇವತ್ತಾರ ಮುಗಿತದಾ ಕಂದ?"

"ಮುಗಿತದೆ ಕಣವ್ವ, ಮಡಗು."

ಮುಗಿಯಬೇಕಾಗಿದ್ದದ್ದು ಆರು ವರ್ಷದ ಸಂಶೋಧನೆ. ಬೀಟ್‌ರೂಟಿನ ಜೀವಕೋಶದ ಪೊರೆಯಲ್ಲಿ ಹೂತು ಕೂತಿರುವ ಒಂದು ಕಿಣ್ವ ಎಷ್ಟು ದೊಡ್ಡದು, ಒಂಟಿಯೋ ಜೋಡಿಯೋ ಎಂದು ಅವನು ಅಂದಾಜು ಮಾಡಬೇಕಿತ್ತು. ಅದನ್ನು ಜೆಲ್ ಎಂಬ ಲೋಳೆಯ ಹಾಳೆಗೆ ಹಾಕಿ ಕರೆಂಟು ಹರಿಸಿದರೆ ಚಿಕ್ಕದು ಕೆಳಗಿಳಿಯುತ್ತದೆ, ದೊಡ್ಡದು ಮೇಲೇ ನಿಲ್ಲುತ್ತದೆ. ಹನ್ನೊಂದು ಸಲ ಮಾಡಿದ್ದ, ಹನ್ನೊಂದು ಸಲವೂ ಗೆರೆ ಅದೇ ಜಾಗದಲ್ಲಿ ಬಂದಿತ್ತು. ಜೋಡಿಯೇ ಎಂದು ಖಾತ್ರಿಯಾಗಿತ್ತು. ಹನ್ನೆರಡನೆಯದನ್ನು ಇವತ್ತು ಮೂರು ಗಂಟೆಗೆ ಸಮಿತಿಗೆ ತೋರಿಸಿದರೆ ಪ್ರಬಂಧ ಬರೆಯಲು ಒಪ್ಪಿಗೆ, ಒಪ್ಪಿಗೆ ಸಿಕ್ಕರೆ ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಮೇಷ್ಟರ ಕೆಲಸ. ಊರಿನವರಂತೂ ಆಗಲೇ ಅವನನ್ನು ಡಾಕ್ಟ್ರೆಂದು ಕರೆದು ಮಂಡಿನೋವಿಗೆ ಮಾತ್ರೆ ಕೇಳುತ್ತಿದ್ದರು.

ಅವನು ಆಚೆ ಹೋದದ್ದೇ ತಡ, ಅಟೆಂಡರ್ ಗುರುಮಲ್ಲಯ್ಯನ ಕಣ್ಣು ಆ ಕೊಳವೆಗಳ ಮೇಲೆ ಬಿತ್ತು. ಇಪ್ಪತ್ತೆಂಟು ವರ್ಷ ಹುರುಳಿ, ಅವರೆ, ಅಲಸಂದೆಯ ಪ್ರೋಟೀನುಗಳನ್ನು ಕುದಿಸಿಕೊಟ್ಟ ಕೈ ಅದು. ಜೆಲ್‌ಗೆ ಹಾಕುವ ಮುಂಚೆ ಕುದಿಸುವುದು ಆ ಪ್ರಯೋಗಾಲಯದ ಮಡಿ. ಮಹಾಲಿಂಗನ ಕಿಣ್ವ ಮಾತ್ರ ಆ ಜಾತಿಯದಲ್ಲ. ಪೊರೆಯಲ್ಲಿರುವುದನ್ನು ಕುದಿಸಿದರೆ ಒಂದಕ್ಕೊಂದು ಅಂಟಿಕೊಂಡು ಕೆಟ್ಟ ಮುದ್ದೆಯ ಹಾಗೆ ಗಂಟು ಕಟ್ಟುತ್ತದೆ. ಅದಕ್ಕೇ ಹಿಂದೆ ಹನ್ನೊಂದು ಸಲವೂ ಅವನು ಕೊಳವೆಗಳ ಪಕ್ಕ ಬಿಟ್ಟು ಕದಲಿರಲಿಲ್ಲ.

ಮಹಾಲಿಂಗ ವಾಪಸು ಬರುವಷ್ಟರಲ್ಲಿ ಕೊಳವೆಗಳು ಮತ್ತೆ ಐಸ್ ಮೇಲೆ ಕೂತಿದ್ದವು, ಅವನು ಏನೂ ತಿಳಿಯದೆ ಅವನ್ನೇ ಜೆಲ್‌ಗೆ ಹಾಕಿದ. ಎರಡು ಗಂಟೆಗೆ ಜೆಲ್ ತೆಗೆದು ನೋಡಿದರೆ ಗೆರೆಯೇ ಇಲ್ಲ. ಎಲ್ಲವೂ ನೆತ್ತಿಯಲ್ಲಿ ಒಂದು ಕಪ್ಪು ಗಂಟಾಗಿ ನಿಂತಿತ್ತು. ಮಹಾಲಿಂಗನಿಗೆ ಅರ್ಥವಾಯಿತು.

"ಯಾರಯ್ಯ ಕುದಿಸಿದ್ದು ಇದ್ನ?"

"ನಾನೇ ಕಣ್ ಸಾ. ಮರ್ತ್ಬುಟ್ಟು ಓಗಿದ್ರಿ ಅಂತ. ಐದಲ್ಲ, ಅತ್ ನಿಮ್ಸನೇ ಕುದಿಸಿವ್ನಿ," ಎಂದ ಗುರುಮಲ್ಲಯ್ಯ, ಶಭಾಷ್‌ಗಿರಿಗೆ ಕಾದು ನಿಂತು. ಅವನನ್ನು ಹೊಡೆಯಲೋ ತಾನೇ ಅಳಲೋ ಎಂದು ಮಹಾಲಿಂಗನಿಗೆ ತಿಳಿಯಲಿಲ್ಲ. ತೆಗೆದಿಟ್ಟಿದ್ದ ಪೊರೆಯೆಲ್ಲ ಮುಗಿದಿತ್ತು. ಹೊಸದಾಗಿ ತೆಗೆಯಲು ಎರಡು ದಿನವಾದರೂ ಬೇಕು.

ಮಾರ್ಗದರ್ಶಕ ಸೋಮಯ್ಯನವರ ಹತ್ತಿರ ಹೋಗಿ ಹೇಳಿಕೊಂಡ. ಸಮಿತಿಯನ್ನು ಇನ್ನೊಂದು ಸಲ ಸೇರಿಸುವುದಕ್ಕೆ ತಮಗೆ ಪುರಸೊತ್ತಿಲ್ಲ, ಬಾಯಿ ಮುಚ್ಚಿಕೊಂಡು ಇದನ್ನೇ ತೋರಿಸು ಎಂದರು ಅವರು.

ಮೈಸೂರಿನಿಂದ ಬಂದಿದ್ದ ತಜ್ಞರ ಪಾಂಡಿತ್ಯವೆಲ್ಲ ಅಣಬೆಯಲ್ಲಿತ್ತು. ಜೆಲ್ಲನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದರು.

"ಒಳಕ್ಕೇ ಇಳೀದಷ್ಟು ದೊಡ್ಡದಾ? ಎಷ್ಟು ಸೇರ್ಕೊಂಡಿವೆ ಅಂತೀರಿ?"

ನಿಜ ನಾಲಿಗೆಯ ತುದಿಗೇ ಬಂದಿತ್ತು. ಜೊತೆಗೆ ಗುಂಡ್ಲುಪೇಟೆಯ ಕೆಲಸವೂ ಕಣ್ಮುಂದೆ ಬಂತು. ಆಸೆಗೆ ನಾಚಿಕೆಯಿಲ್ಲ.

"ಹನ್ನೆರಡು ಸಾರ್," ಎಂದುಬಿಟ್ಟ.

ತಜ್ಞರು ಎದ್ದು ಬಂದು ಕೈ ಕುಲುಕಿದರು. ಪ್ರಪಂಚದಲ್ಲಿ ಯಾರೂ ಕಾಣದ ರಚನೆ ಎಂದು ಹೊಗಳಿದರು. ಮಹಾಲಿಂಗನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಕಡತ ತಿರುವಿ, ಹಾಗಾದರೆ ಜೋಡಿ ಎಂದು ಹೇಳುವ ಈ ಹಳೆಯ ಹನ್ನೊಂದು ಯಾವುವು ಎಂದು ಕೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಸೋಮಯ್ಯನವರೇ ಉತ್ತರ ಕೊಟ್ಟರು.

"ಅವು ಕಲಿಯೋವಾಗ ಮಾಡಿದ ತಪ್ಪುಗಳು ಸಾರ್."

ತಜ್ಞರಿಗೆ ಸಮಾಧಾನವಾಯಿತು. ಇಷ್ಟು ದೊಡ್ಡ ಸಂಗತಿಯನ್ನು ಒಂದೇ ಜೆಲ್ ನಂಬಿ ಬಿಡಲಾಗದು, ಇದನ್ನೇ ಇನ್ನೂ ಹನ್ನೊಂದು ಸಲ ತೋರಿಸಲಿ, ಪ್ರಬಂಧದ ಮಾತು ಆಮೇಲೆ, ಅದಕ್ಕೆ ಮೂರು ವರ್ಷದ ಅವಧಿ ಕೊಡೋಣ ಎಂದು ಬರೆಸಿ ಕಾಗದವನ್ನು ಮಹಾಲಿಂಗನ ಮುಂದೆ ತಳ್ಳಿದರು. ಹಿಂದಿನ ಹನ್ನೊಂದೂ ತಪ್ಪೆಂದು ಸಂಶೋಧಕ ತನ್ನ ಕೈಯಲ್ಲೇ ಬರೆದುಕೊಡಬೇಕಂತೆ. ಆರು ವರ್ಷದಲ್ಲಿ ಅವನು ಕಂಡಿದ್ದ ನಿಜವೆಂದರೆ ಆ ಹನ್ನೊಂದೇ. ಅವನ್ನು ಸುಳ್ಳೆಂದು ಬರೆದು ಮಹಾಲಿಂಗ ಸಹಿ ಹಾಕಿದ.